ಅಮ್ಮನ ಹೋಟೆಲಿನ ಗಿರಾಕಿ

ದೋಣಿಗಲ್
೧೪ ಡಿಸೆಂಬರ್ ೨೦೨೪, ಶನಿವಾರ

ನನ್ನ ಬಾಯಿಬಡುಕಿ ಶೈಸ್ತಾ,

ಸಲಾಂ, ನಮಸ್ಕಾರ, ಎರಡೂ. ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡ. ಫೋನಿನಲ್ಲಿ ನಿನ್ನೆದುರು ಮಾತಾಡಿ ಗೆದ್ದವರು ಯಾರಿದ್ದಾರೆ? ಸಕಲೇಶಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಲೂ ನಾನು ಗೆದ್ದವಳಲ್ಲ. ಹೋದ ವಾರ ನೀನು, ಹೆಂಗಸರನ್ನು ಗುಜರಾತಿನ ಕಛ್‌ಗೆ ಕರೆದುಕೊಂಡು ಹೋಗುವ ನಿನ್ನ ಟೂರಿಗೆ ನಾನೇ ಗೈಡ್ ಆಗಬೇಕು, ಫೆಬ್ರವರಿಯಿಂದ ಮೈಸೂರಿಗೇ ಬಂದು ನಿನ್ನ ಜೊತೆ ಕೆಲಸಕ್ಕೆ ಸೇರಬೇಕು ಎಂದಾಗ ‘ಆಯ್ತು’ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ, ಯಾಕಾದರೂ ಒಪ್ಪಿದೆನೋ ಅನಿಸಿತು. ಅದಕ್ಕೇ ಈ ಕಾಗದ. ನಡುವೆ ಬಾಯಿ ಹಾಕದೆ ಪೂರ್ತಿ ಓದು.

ನಾಲ್ಕು ವರ್ಷ ಒಬ್ಬಳೇ ದೇಶ ಸುತ್ತುತ್ತಿದ್ದವಳು ಏಪ್ರಿಲಿನಲ್ಲಿ ಊರಿಗೆ ಯಾಕೆ ಬಂದೆ ಎಂಬುದು ನಿನಗೆ ಗೊತ್ತೇ ಇದೆ. ಅಮ್ಮ ಹೋಟೆಲಿನ ಹಿತ್ತಲಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಒಂದು ತಿಂಗಳು ನೋಡಿಕೊಂಡು ಹೊರಡೋಣ ಎಂದು ಬಂದೆ. ಮೂಳೆ ಕೂಡಿತು, ಅಮ್ಮ ಈಗ ಎರಡು ಕೈಯಲ್ಲೂ ಕಡುಬಿನ ಹಿಟ್ಟು ನಾದುತ್ತಾಳೆ, ನಾನು ಮಾತ್ರ ಇನ್ನೂ ಗಲ್ಲಾದ ಮೇಲೆ ಕೂತಿದ್ದೇನೆ. ಹಾಗಂತ ಬ್ಯಾಗ್ ಬಿಚ್ಚಿಲ್ಲ. ಹಲ್ಲುಜ್ಜುವ ಬ್ರಷ್ ಕೂಡ ಅದರ ಪಕ್ಕದ ಜೇಬಿನಲ್ಲೇ ಇದೆ.

ಒಂದೇ ಕಡೆ ಕೂರುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಘಾಟಿ ಇಳಿಯುವ ಲಾರಿಯವರು, ಧರ್ಮಸ್ಥಳಕ್ಕೆ ಹೊರಟ ಕಾರಿನವರು, ಬೈಕಿಗೆ ಗಂಟುಮೂಟೆ ಕಟ್ಟಿಕೊಂಡ ಹುಡುಗಿಯರು, ಎಲ್ಲರೂ ತಿಂದು ಕೈ ತೊಳೆದು ಹೋಗುತ್ತಾರೆ. ಆ ಹುಡುಗಿಯರ ಮೂಟೆ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ. ದಿನಾ ಬರುವವರು ಅಂದರೆ ಗುಂಡಯ್ಯನವರು. ಯಸಳೂರಿನ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರು. ಅದೇ ಕುರ್ಚಿ, ಅದೇ ಎರಡು ಕಡುಬು, ಆನೆ ಅಟ್ಟಿಸಿಕೊಂಡು ಬಂದ ಅದೇ ಕಥೆ. ಎದ್ದು ಹೋಗುವಾಗ ಅದೇ ಪ್ರಶ್ನೆ: “ಯಾವಾಗವ್ವ ಹೊರಡೋದು?”

ಅಮ್ಮನಿಗೆ ಎರಡು ನಾಲಿಗೆ ಇರುವುದನ್ನು ನೀನೂ ನೋಡಿದ್ದೀಯ. ಗಿರಾಕಿಗಳಿಗೆ ಬೆಣ್ಣೆಯಂಥ ಮಾತು, ಮನೆಯವರಿಗೆ ಬೈಗುಳ. ಅಪ್ಪ ಇದ್ದಾಗ ಅಪ್ಪನಿಗೆ, ಆಮೇಲೆ ನನಗೆ. ಆದರೆ ಈ ಸಲ ನಾನು ಬಂದಾಗಿನಿಂದ ಒಂದು ಬೈಗುಳವೂ ಇಲ್ಲ ಕಣೆ! “ಇನ್ನೊಂದು ಹಾಕ್ಲಾ? ಚಟ್ನಿ ಸಾಕಾ?” ಎಂದು ಕೇಳುತ್ತಾಳೆ. ತಪ್ಪು ಅವಳದ್ದೊಂದೇ ಅಲ್ಲ. ನಾಲ್ಕು ವರ್ಷ ಕಂಡವರ ಮನೆಯಲ್ಲಿ ಉಂಡ ಅಭ್ಯಾಸ ನನ್ನದು. ತಿಂದ ತಟ್ಟೆ ತಕ್ಷಣ ತೊಳೆದಿಡುವುದು, ಹಾಸಿಗೆ ಮಡಚಿ ಮೂಲೆಗಿಡುವುದು, ಏನು ಹಾಕಿದರೂ ಸೂಪರ್ ಎನ್ನುವುದು. ಒಂದು ಸಲ, ಒಂದು ಬಕೆಟ್ ಬಿಸಿನೀರು ತೆಗೆದುಕೊಳ್ಳಬಹುದಾ ಎಂದು ಅಮ್ಮನನ್ನೇ ಕೇಳಿದೆ. ಅವಳ ಮುಖ ಸಪ್ಪಗಾಯಿತು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ನೀನು ಫೋನ್ ಮಾಡಿದ ದಿನ ಅವಳು ಒಲೆಯ ಹತ್ತಿರವೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಾಳೆ. ಹೋಗಬೇಡ ಎನ್ನಲಿಲ್ಲ. ಸಂಜೆ ಪಾತ್ರೆ ತಿಕ್ಕುತ್ತಾ ಕಛ್ ವಿಷಯ ತೆಗೆದಳು. “ಅಲ್ಲಿ ಮಳೆನೇ ಬರಾಕಿಲ್ಲ ಅಂತೀಯಲ್ಲ, ಒಗೆದ ಬಟ್ಟೆ ಅವತ್ತೇ ಒಣಗ್ತವಾ? ಅನ್ನ ಸಿಕ್ತದಾ? ಹಿಮ್ಮಡಿ ಒಡೆಯೋವಷ್ಟು ಚಳಿ ಐತಾ?” ಒಂದಾದ ಮೇಲೊಂದು ಕೇಳಿದಳು. ನನ್ನನ್ನು ಕಳಿಸಲು ಆಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕಣ್ಣಲ್ಲಿ ನೀರು ಬಂತು. ಬಟ್ಟೆ ಒಂದೇ ಗಂಟೆಯಲ್ಲಿ ಒಣಗುತ್ತದೆ ಎಂದೆ.

ಮೊನ್ನೆ ಗುರುವಾರ ಬೆಳಿಗ್ಗೆ ಜಗಳವಾಯಿತು. ಹೋಟೆಲ್ ತುಂಬಾ ಜನ. ನನ್ನ ಲೋಟದ ಕಾಫಿ ಬಾಯಿಗಿಟ್ಟೆ. ಹಿಂದಿನ ದಿನದ ಡಿಕಾಕ್ಷನ್ ಕಾಯಿಸಿದ್ದು. ಎಂಟು ತಿಂಗಳಿಂದ ಅದನ್ನೇ ಕುಡಿದು ಸೂಪರ್ ಎನ್ನುತ್ತಿದ್ದೆ. ಅವತ್ತು ಏನು ಬಂದಿತ್ತೋ, ಕಾಫಿ ಬೆಳೆಯುವ ಸೀಮೆಯಲ್ಲಿ ಇಂಥ ಕಾಫಿ ಕೊಡೋಕೆ ನಾಚಿಕೆ ಆಗಲ್ವಾ ಎಂದು ಎಲ್ಲರೆದುರೇ ಅಂದುಬಿಟ್ಟೆ.

ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. “ಓಹೋ, ನಾಕು ವರ್ಷ ಊರೂರು ಅಲ್ಕಂಡ್ ಬಂದು ನಂಗೆ ಕಾಫಿ ಕಾಯ್ಸೋದು ಹೇಳ್ಕೊಡಾಕೆ ಬಂದ್ಬುಟ್ಲು! ಗಂಟಲಲ್ಲಿ ಇಳಿಯಾಕಿಲ್ವಾ? ಚೆಲ್ಲು ಅತ್ಲಾಗೆ. ನಾಳೆಯಿಂದ ನೀನೇ ಎದ್ದು ಕಾಯ್ಸು, ನೋಡ್ತೀನಿ!” ಗುಂಡಯ್ಯನವರು ಲೋಟದೊಳಗೆ ಮುಖ ಇಟ್ಟುಕೊಂಡು ಕೂತರು.

ಒಳಗೆ ಹೋಗಿ ಅತ್ತೆ. ಕೈ ತಾನಾಗಿ ಬ್ಯಾಗಿನ ಪಟ್ಟಿ ಹಿಡಿದಿತ್ತು. ಆಗ ಒಂದು ವಿಷಯ ಗೊತ್ತಾಯಿತು ಶೈಸ್ತಾ. ಆ ನಾಲ್ಕು ವರ್ಷದಲ್ಲಿ ನಾನು ಯಾರ ಜೊತೆಯೂ ಜಗಳವಾಡಿ ಮಾರನೆಯ ದಿನ ಅವರ ಮುಖ ನೋಡಿಲ್ಲ. ಮನಸ್ತಾಪ ಬಂದ ಕಡೆ ಬ್ಯಾಗ್ ಎತ್ತಿದ್ದೇನೆ. ಅದನ್ನೇ ಧೈರ್ಯ ಅಂದುಕೊಂಡಿದ್ದೆ. ಇಲ್ಲಿ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗಲಿ? ಮಧ್ಯಾಹ್ನದ ಊಟಕ್ಕೆ ಜನ ಬರುತ್ತಿದ್ದರು. ಮುಖ ತೊಳೆದು ಗಲ್ಲಾಕ್ಕೆ ಹೋದೆ.

ಮಾರನೆಯ ಬೆಳಿಗ್ಗೆ ಅಮ್ಮನನ್ನು ಹೇಗೆ ಮಾತಾಡಿಸುವುದು ಎಂದು ಹೊದಿಕೆಯೊಳಗೇ ಯೋಚಿಸುತ್ತಿದ್ದೆ. ಅವಳೇ ಬಂದು ಹೊದಿಕೆ ಕಿತ್ತೆಸೆದಳು. ಎದ್ದೇಳೆ, ಹಾಲು ಉಕ್ಕಿದರೆ ನಿನಗೇ ಬೈಯೋದು ಎಂದಳು. ಕಾಫಿ ನಾನೇ ಕಾಯಿಸಿದೆ. ಗುಂಡಯ್ಯನವರು ಒಂದು ಗುಟುಕು ಕುಡಿದು, “ಕಹಿ ಆಯ್ತಲ್ಲವ್ವ, ನಾಳೆ ಒಂಚೂರು ಪುಡಿ ಕಮ್ಮಿ ಹಾಕು” ಎಂದರು. ಯಾವಾಗ ಹೊರಡುವುದು ಎಂದು ಕೇಳಲಿಲ್ಲ.

ಜನ ಕರಗಿದ ಮೇಲೆ ಅಮ್ಮ ನನ್ನ ಪಕ್ಕ ಕೂತು ನಕ್ಕಳು. “ಬಂದಾಗಿಂದ ಎಲ್ಲಾನೂ ಚೆಂದಾಗೈತೆ ಚೆಂದಾಗೈತೆ ಅಂತಿದ್ದೆ. ನಂಗೆ ಅದೇ ಭಯ. ಹೊಗಳೋರೆಲ್ಲ ಕಾಸು ಕೊಟ್ಟು ಹೊಂಟೋಗೋರು ಕಣೆ. ಇರೋರು ಬೈತಾರೆ” ಎಂದಳು. ಅವಳ ಮುರಿದಿದ್ದ ಕೈ ಹಿಡಿದುಕೊಂಡು ಕೂತಿದ್ದೆ.

ಹಾಗಾಗಿ ಶೈಸ್ತಾ, ನಾನು ಬರುವುದಿಲ್ಲ. ಆಸೆ ಇಲ್ಲವೆಂದಲ್ಲ. ಬೈಕಿನ ಹುಡುಗಿಯರು ಬಂದಾಗ ನಾಳೆಯೂ ಹೊಟ್ಟೆಕಿಚ್ಚಾಗುತ್ತದೆ. ಆದರೆ ಈ ಕಾಫಿಯ ಕಹಿ ಹೋಗುವವರೆಗಾದರೂ ಇಲ್ಲಿರಬೇಕು ಅನಿಸಿದೆ. ಮಾತು ಕೊಟ್ಟು ತಪ್ಪಿದೆ, ಬೇಕಾದಷ್ಟು ಬೈ. ನಿನ್ನ ಬೈಗುಳವೂ ನನಗೆ ಬೇಕು.

ಬ್ರಷ್ಷನ್ನು ಬಚ್ಚಲುಮನೆಯ ಗೂಡಿನಲ್ಲಿಟ್ಟಿರುವ
ನಿನ್ನ ದೀಪಿ

ಮರೆತಿದ್ದು: ಕವರಿಗೆ ಅಂಟು ಹಚ್ಚುವಾಗ ಅಮ್ಮ ಬಂದು, ಬರಾಕಿಲ್ಲ ಅಂತ ಬರೆದೆಯಾ ಎಂದು ಕೇಳಿದಳು. ಹೌದು ಎಂದೆ. ಸೆರಗಿಗೆ ಕೈ ಒರೆಸುತ್ತಾ, “ಅಂಗಾದ್ರೆ ಒಂದು ಸೀಟು ಖಾಲಿ ಐತಲ್ಲ? ನೀನು ಹೋಟ್ಲು ನೋಡ್ಕಂಡ್ರೆ ನಾನೊಂದ್ ಕಿತ ಹೋಗ್ಬತ್ತೀನಿ” ಎಂದಳು. ಒಗೆದ ಬಟ್ಟೆಯ ವಿಚಾರಣೆ ಯಾರಿಗಾಗಿ ನಡೆದಿತ್ತೆಂದು ಈಗ ತಿಳಿಯಿತು. ಗೈಡ್ ಬೇರೆ ಯಾರನ್ನಾದರೂ ಹುಡುಕಿಕೋ, ಪಟ್ಟಿಯಲ್ಲಿ ಮಾದೇವಮ್ಮ ಎಂದು ಬರೆದುಕೋ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸು. ಅಲ್ಲಿ ಹಾಕಿದ್ದನ್ನೆಲ್ಲ ಅವಳು ಚೆಂದಾಗೈತೆ ಎಂದು ಹೊಗಳುತ್ತಾಳೆ, ಹೊಗಳಲಿ ಬಿಡು. ವಾಪಸ್ ಬಂದು ನನ್ನ ಕಾಫಿಯನ್ನು ಬೈಯುವುದಿದೆಯಲ್ಲ.