ಕಂಬದ ಮೇಲಿನ ದೀಪ

ಕೃಷ್ಣರಾಜಪುರ

ಜಟ್ಟೆಮ್ಮನವರಿಗೆ, ಸೇತುವೆ ಕೆಲಸದ ಇಂಜಿನಿಯರ್ ಯಮುನಾ ಮಾಡುವ ನಮಸ್ಕಾರ.

ಇದನ್ನು ನಿಮ್ಮ ಮೈದುನ ಮುತ್ತಣ್ಣನೇ ಓದಿ ಹೇಳಲಿ. ನಿಮ್ಮ ಯಜಮಾನರು ತೀರಿಕೊಂಡ ಸೇತುವೆ ಕಂಬದ ಮೇಲೆ ಅವನು ದಿನವೂ ಎಣ್ಣೆದೀಪ ಹಚ್ಚುತ್ತಿದ್ದಾನೆ. ಕೇಳಿದರೆ, “ಅಣ್ಣ ಕತ್ತಲದಾಗ ಇರಬಾರದಂತ ವೈನಿ ಹೇಳ್ಯಾರ್ರಿ ಮೇಡಂ” ಅಂದ. ನಾನು ಬೈಯಲಿಲ್ಲ.

ಆದರೆ ಸೇತುವೆಯ ಭಾರ ಹೊರುವ ಬೇರಿಂಗನ್ನು ಅಲ್ಲೇ ಮತ್ತೆ ಕೂರಿಸಬೇಕು. ಆವತ್ತು ಅದರಡಿ ತುಂಬಿದ್ದ ಸಿಮೆಂಟ್ ಗ್ರೌಟ್ ಬಲಿಯುವ ಮೊದಲೇ ಸೇತುವೆಯನ್ನು ಎತ್ತಿ ಹಿಡಿದಿದ್ದ ಜಾಕ್ ಇಳಿಸಲಾಯಿತು. ಮುಂದಿನದು ನಿಮಗೆ ಗೊತ್ತು. ಅದಕ್ಕೇ ಈ ಸಲ ಬೇಗ ಬಲಿಯುವ ಎಪಾಕ್ಸಿ ಅಂಟು ಆರಿಸಿದ್ದೇನೆ. ದೀಪದ ಎಣ್ಣೆ ಹೀರಿದ ಕಾಂಕ್ರೀಟಿಗೆ ಅದು ಅಂಟುವುದಿಲ್ಲ. ಅಂಟದಿದ್ದರೆ ಇನ್ನೊಬ್ಬರ ಮನೆಯವರೂ ದೀಪ ಹಚ್ಚಬೇಕಾದೀತು.

ದೀಪವನ್ನು ಕಂಬದ ಬುಡದಲ್ಲಿ ಇಡಲು ಹೇಳಿ. ಗಾಳಿ ತಾಗದಂತೆ ಇಟ್ಟಿಗೆಯ ಗೂಡು ಕಟ್ಟಿಸಿದ್ದೇನೆ.

ಇನ್ನೊಂದು ಮಾತು. ಎಣ್ಣೆ ಇಳಿದಷ್ಟು ಕಾಂಕ್ರೀಟನ್ನು ಇವತ್ತು ಕೆತ್ತಿಸಿದೆ. ಎಣ್ಣೆಯ ಜೊತೆ ಅವರ ರಕ್ತದ ಕಲೆಯೂ ಇತ್ತು. ಆ ಪುಡಿಯನ್ನು ಕಸಕ್ಕೆ ಸುರಿಯಲು ಯಾರೂ ಒಪ್ಪಲಿಲ್ಲ. ಚೀಲದಲ್ಲಿ ಕಟ್ಟಿ ನನ್ನ ಮೇಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಏನು ಮಾಡಲಿ, ಹೇಳಿ ಕಳುಹಿಸಿ.

ಇಂತಿ,
ಯಮುನಾ