ಮೇರಿಮಾತೆಯ ಮುಖದಲ್ಲಿ ಬಿರುಕು

ವಿಲ್ಯಾಸೇಕ, ಕ್ಯಾಸ್ಟೀಲ್ ಸೀಮೆ
ಸಂತ ಮೈಕೇಲನ ಹಬ್ಬದ ಹಿಂದಿನ ದಿನ, 1514

ಪ್ರೀತಿಯ ಕತೆಲೈನ,

ನಿನ್ನ ಕೆಮ್ಮು ಹೇಗಿದೆ? ಕಾಲುವೆ ಕಡೆಯ ಕಿಟಕಿ ಮುಚ್ಚಿಸು ಎಂದು ಮೂರು ಸಲ ಬರೆದೆ. ಮುಚ್ಚಿಸಿರುವುದಿಲ್ಲ, ನನಗೆ ಗೊತ್ತು. ಬೆಳಿಗ್ಗೆ ಬಿಸಿ ಬಿಯರಿಗೆ ಮೊಟ್ಟೆ ಒಡೆದು ಹಾಕಿ ಕುಡಿ. ನಾನು ಗಟ್ಟಿಯಾಗಿದ್ದೇನೆ. ಹಲ್ಲು ಇನ್ನೊಂದು ಹೋಯಿತು, ಅಷ್ಟೇ. ಇಲ್ಲಿನ ಕಡಲೆ ಎಷ್ಟು ಬೇಯಿಸಿದರೂ ಕಲ್ಲು.

ಬಲಿಪೀಠಕ್ಕೆ ನಾನು ಮರದ ಹಲಗೆಗಳ ಮೇಲೆ ಬರೆದ ಚಿತ್ರಗಳು ಮುಗಿದು, ಒಂಬತ್ತೂ ಗೋಡೆಗೇರಿ, ನಮ್ಮ ಬ್ರೂಜ್‌ಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದೆ. ಸೋಮವಾರ ಇಗರ್ಜಿಯ ಗಂಟೆ ಹೊಡೆಯುವವನು ಓಡಿ ಬಂದು, "ಯಜಮಾನ್ರೇ, ಅಮ್ಮನ ಮುಖ ಒಂದ್ಸಲ ನೋಡ್ಬನ್ನಿ" ಎಂದ. ಹೋಗಿ ನೋಡಿದರೆ ನಡುವಿನ ದೊಡ್ಡ ಚಿತ್ರದಲ್ಲಿ ಹಲಗೆಗಳ ಸಂದಿ ಬಿಟ್ಟುಕೊಂಡು, ಮೇರಿಮಾತೆಯ ಹಣೆಯಿಂದ ಗಲ್ಲದವರೆಗೆ ಉಗುರು ತೂರುವಷ್ಟು ಬಿರುಕು.

ಹಲಗೆ ಕೂಡಿಸಿದವನು ಬಡಗಿ ಲೋಪೆ. ಹನ್ನೆರಡು ವರ್ಷದ ಹಿಂದೆ ರಾಣಿಯ ಆಜ್ಞೆ ಬಂದಾಗ ಕೇರಿಗೆ ಕೇರಿಯೇ ತಲೆಗೆ ನೀರು ಹಾಕಿಸಿಕೊಂಡು ಕ್ರೈಸ್ತರಾದರಲ್ಲ, ಆ ಮುಸಲ್ಮಾನರಲ್ಲಿ ಒಬ್ಬ. ಹಂದಿಮಾಂಸ ಕಂಡರೆ ಈಗಲೂ ಮುಖ ಕಿವುಚುತ್ತಾನೆ, ಆದರೆ ಮರ ಬಲ್ಲ. ಹಿರಿಯ ಪಾದ್ರಿ ದೋನ್ ಗುತಿಯೆರೆ ಬಿರುಕು ನೋಡಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಹಲಗೆ ಕೂಡಿಸ್ದೋನು ಯಾರು, ಹೇಳು. ಈ ಹೊಸ ಕ್ರೈಸ್ತರ ಹೊಟ್ಟೇಲಿ ಇರೋದು ಹೀಗೇ ಹೊರಗೆ ಬರೋದು" ಎಂದ. ನಾನು ಲೋಪೆ ಎಂದೆ. ಅಷ್ಟೇ ಹೇಳಿ ಸುಮ್ಮನಾದೆ. ಮಂಗಳವಾರ ಅವನನ್ನು ಹಿಡಿದು ನೆಲಮಾಳಿಗೆಯಲ್ಲಿ ಕೂಡಿಹಾಕಿದರು. ಹಬ್ಬ ಕಳೆದ ಕೂಡಲೇ ಧರ್ಮವಿಚಾರಣೆಯವರ ಕೈಗೆ ಒಪ್ಪಿಸುತ್ತಾರೆ. ಜೀವಂತ ಸುಡಲು ಅವರ ಬಳಿ ಸೌದೆಗೆ ಬರವಿಲ್ಲ.

ನಡೆದದ್ದು ಇಷ್ಟು. ಕಳೆದ ಚಳಿಗಾಲದಲ್ಲಿ, ಕೊನೆಗೆ ಉಳಿದಿದ್ದ ಈ ಚಿತ್ರದ ಹಲಗೆ ಕೂಡಿಸುವಾಗ ಲೋಪೆ, "ಇದು ನಿಮ್ಮೂರಲ್ಲ ಯಜಮಾನ್ರೇ. ಬೇಸಿಗೇಲಿ ಇಲ್ಲಿ ಕಲ್ಲೂ ಬಾಯಿ ಬಿಡುತ್ತೆ. ಸಂದಿ ಮೇಲೆ ಬಟ್ಟೆ ಅಂಟಿಸ್ತೀನಿ, ಆಮೇಲೆ ಬಣ್ಣ ಹಚ್ಚಿ" ಎಂದಿದ್ದ. "ನಮ್ಮೂರಲ್ಲಿ ಹಲಗೆಗೆ ಗಾಯದ ಪಟ್ಟಿ ಕಟ್ಟೋದಿಲ್ಲ ಕಣೋ. ಬಾಯಿ ಮುಚ್ಕೊಂಡು ಕೆಲಸ ಮಾಡು" ಎಂದೆ. "ನಾನು ಮುಚ್ಚಿದೆ. ಹಲಗೆ ಬಾಯಿ ನೀವೇ ಮುಚ್ಚಿಸಿ" ಎಂದು ನಕ್ಕಿದ್ದ.

ಇದನ್ನು ಹೇಳಿದರೆ ತಪ್ಪು ನನ್ನದಾಗುತ್ತದೆ. ತಪ್ಪು ಚಿತ್ರಗಾರನದಾದರೆ ಎಲ್ಲವನ್ನೂ ಹೊಸದಾಗಿ ಬರೆದುಕೊಡುವತನಕ ಊರು ಬಿಡುವಂತಿಲ್ಲ ಎಂದು ಕರಾರಿನಲ್ಲಿದೆ. ಏನಿಲ್ಲವೆಂದರೂ ಮೂರು ವರ್ಷ. ನನಗೀಗ ಅರವತ್ತನಾಲ್ಕು. ನಿನ್ನೆ ಲೋಪೆಯ ಹೆಂಡತಿ ಮರೀನ ಬಂದು ಬಾಗಿಲಲ್ಲಿ ನಿಂತಳು. ಅಳಲಿಲ್ಲ. "ಬಾಯಿಗೆ ಏನಾಯ್ತು ಯಜಮಾನ್ರೇ? ನನ್ನ ಗಂಡನ್ನ ಬೈಯೋವಾಗ ಚೆನ್ನಾಗೇ ಇತ್ತಲ್ಲ" ಎಂದಳು. ನಿನಗಿಂತ ಒರಟು ಹೆಂಗಸು.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಿನ್ನ ತಮ್ಮನಿಗೆ ಕುಡಿತ ಬಿಡಲು ಹೇಳು. ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಗಂಡ,
ಆರ್ನೌಟ್

ಮರೆಯುವ ಮುನ್ನ: ಈಗಷ್ಟೇ ಇಗರ್ಜಿಗೆ ಹೋಗಿ ಬಂದೆ. ಪಾದ್ರಿ ಎರಡು ಸಲ ಕೇಳಿದ, ಎರಡು ಸಲವೂ ತಪ್ಪು ನನ್ನದೆಂದೇ ಹೇಳಿದೆ. ಬರೆಸಿಕೊಂಡರು, ಸಹಿ ಹಾಕಿದೆ. ಲೋಪೆಯನ್ನು ಬಿಟ್ಟರು. ನನ್ನ ಮುಖ ನೋಡದೆ ಮನೆಗೆ ಹೋದ. ಕ್ರಿಸ್ಮಸ್‌ಗೆ ಬರುತ್ತೇನೆ ಎಂದಿದ್ದೆ, ಬರುವುದಿಲ್ಲ. ವಸಂತದಲ್ಲಿ ಉಣ್ಣೆಯ ಹಡಗುಗಳು ಈ ಕಡೆ ಹೊರಡುತ್ತವೆ, ರೇವಿನಿಂದ ಇಲ್ಲಿಗೆ ಹೇಸರಗತ್ತೆಯ ಮೇಲೆ ಎಂಟು ದಿನ. ನಾನು ಯಾರನ್ನೂ ಬೇಡಿದವನಲ್ಲ, ನಿನಗೆ ಗೊತ್ತು. ಬಾ.