ನನ್ನ ಬದಲಿಗೆ ಕಾಲೇಜಿಗೆ ಬಂದ ಅಪ್ಪ

ಪ್ರೀತಿಯ ಸರ್,

ನೀವು ಹೋದ ಮೇಲೆ ಇದು ಎರಡನೇ ಬೇಸಿಗೆ. ಅಲ್ಲಿಗೆ ಟಪಾಲು ಇಲ್ಲವೆಂದು ನನಗೂ ಗೊತ್ತು. ಆದರೆ ಮೊನ್ನೆ ರವಿವಾರ ಅಪ್ಪ ಕೊನೆಗೂ ಬಾಯಿಬಿಟ್ಟ. ಅದನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ಅವನು ನಿಮ್ಮ ಇಂಗ್ಲಿಷ್ ಕ್ಲಾಸಿಗೆ ಬಂದ ದಿನ ನಿಮಗೆ ಮರೆತಿರಲಿಕ್ಕಿಲ್ಲ. ನಾನು ಜ್ವರದಿಂದ ಗೋಕಾಕದ ಗಿರಣಿ ಚಾಳಿನ ನಮ್ಮ ಮನೆಯಲ್ಲಿ ಮಲಗಿದ್ದೆ. ಅಪ್ಪ ಘೋಡಗೇರಿಯ ಕೂಲಿ ಬಿಟ್ಟು ಗಿರಣಿ ಸೇರಿದವನು; ಅವನಿಗೆ ಗೊತ್ತಿದ್ದ ಕಾಯಿದೆ ಗಿರಣಿಯದೊಂದೇ. ಅಲ್ಲಿ ಒಬ್ಬ ಬರದಿದ್ದರೆ ಬಾಗಿಲಲ್ಲಿ ಕಾದು ನಿಂತ ಬದಲಿ ಆಳನ್ನು ಒಳಗೆ ಕರೆಯುತ್ತಾರೆ. ಹೀಗೇ ಕೆಲವು ದಿನ ಕಳೆದರೆ ಜಾಗ ಬದಲಿಯವನದೇ ಆಗಿಬಿಡುತ್ತದೆ. ಅದಕ್ಕೇ ಮನೆಯಲ್ಲಿ ಯಾರಾದರೂ ಮಲಗಿದರೆ ಅವರ ಕಡೆಯವರೇ ಓಡಿಹೋಗಿ ಆ ಜಾಗದಲ್ಲಿ ನಿಲ್ಲುತ್ತಿದ್ದರು. ಕಾಲೇಜೂ ಹಾಗೇ ಅಂದುಕೊಂಡ ಅಪ್ಪ, ಅವ್ವನಿಗೂ ಹೇಳದೆ ಒಗೆದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, ಬೆಳಗಾವಿಯ ಬಸ್ಸು ಹತ್ತಿದ.

ನೀವು ನನ್ನ ಹೆಸರು ಕರೆದಾಗ ಹಿಂದಿನ ಬೆಂಚಿನಿಂದ ಎದ್ದು ನಿಂತು ಅವನು ಹೇಳಿದನಂತೆ, “ಮಗಗ ಉರಿ ಬಂದಾವ್ರಿ ಸಾಹೇಬ್ರ. ಅವನ ಬದ್ಲಿ ನಾ ಬಂದೇನ್ರಿ. ಹಾಜರಿ ಹಾಕ್ಕೋರಿ.” ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತಂತೆ. ನೀವು? “ಕುಂದರ್ರಿ ಯಜಮಾನ್ರ” ಎಂದು ಪಾಠ ಮುಂದುವರಿಸಿದಿರಿ. ಬೇರೆ ಯಾರಾದರೂ ಆಗಿದ್ದರೆ ಪ್ಯೂನನನ್ನು ಕರೆಯುತ್ತಿದ್ದರು. ಸಂಜೆ ಮನೆಗೆ ಬಂದ ಅಪ್ಪ ನನ್ನ ಹಣೆ ಮುಟ್ಟಿ ನೋಡಿ, “ನಿನ್ನ ಜಾಗಾ ಕಾದು ಬಂದೇನಿ, ಆರಾಮ ಮಲ್ಕೋ” ಅಂದ. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಕಾಯುವಂಥ ಜಾಗ ನನಗೆ ಅಲ್ಲಿ ಎಲ್ಲಿತ್ತು, ಸರ್? ರಸಾಯನಶಾಸ್ತ್ರದ ಒಂದಕ್ಷರ ತಲೆಗೆ ಹತ್ತಿರಲಿಲ್ಲ. ಜ್ವರ ಇಳಿದ ಮೇಲೆ ಕಾಲೇಜಿಗೆ ಹೋಗದೆ ಗಿರಣಿಯ ಬಾಗಿಲಲ್ಲಿ ನಿಲ್ಲುವುದೆಂದು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮುಂದಿನ ರವಿವಾರ ನೀವು ನಮ್ಮ ಚಾಳು ಹುಡುಕಿಕೊಂಡು ಬಂದಿರಿ. ಅವ್ವ ಗಾಬರಿಯಿಂದ ಕಂಬಳಿ ಹಾಸಿದಳು. ರೊಟ್ಟಿ, ಶೇಂಗಾ ಚಟ್ನಿ ಹಾಕಿಸಿಕೊಂಡು ಉಣ್ಣುತ್ತಾ ಕೇಳಿದಿರಿ, “ವಿಜ್ಞಾನ ಯಾಕ ತಗೊಂಡಿಯೋ?” ನಾನು ಅಪ್ಪನ ಮುಖ ನೋಡಿದೆ. ಅಪ್ಪ, “ಇಂಜಿನಿಯರ್ ಆಗಲಿ ಅಂತ್ರೀ” ಎಂದ. ಕಲಿತವರೆಂದರೆ ಅವನು ಕಂಡದ್ದು ಗಿರಣಿಯ ಇಂಜಿನಿಯರ್ ಸಾಹೇಬನನ್ನು ಮಾತ್ರ. ಕಲಿತು ಬೇರೆ ಏನಾದರೂ ಆಗಬಹುದೆಂದು ನಮಗೆ ಹೇಳುವವರು ಯಾರಿದ್ದರು?

“ನಿನಗೇನು ಸೇರತೈತಿ, ಅದನ್ನ ಹೇಳು” ಅಂದಿರಿ. ಹಾಗೆ ನನ್ನನ್ನು ಯಾರೂ ಕೇಳಿರಲೇ ಇಲ್ಲ. ಇತಿಹಾಸ ಅಂದೆ, ಪಿಸುಮಾತಿನಲ್ಲಿ. ಈ ವರ್ಷ ಬಿಟ್ಟು ಬರುವ ಜೂನಿನಲ್ಲಿ ಕಲಾವಿಭಾಗಕ್ಕೆ ಹೊಸದಾಗಿ ಸೇರಲಿ ಎಂದು ನೀವು ಹೇಳಿದಾಗ ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಒಂದ ವರ್ಷ ಮಣ್ಣಾಗತೈತಲ್ರಿ?” ಅಂದ. “ನಾ ಹೇಳಿದ್ದು ತಪ್ಪಾದ್ರ ನನ್ನ ಬೈರಿ, ಹುಡುಗನ್ನ ಬೈಬ್ಯಾಡ್ರಿ” ಅಂದಿರಿ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಜೂನಿನಲ್ಲಿ ನನ್ನ ಟ್ರಂಕನ್ನು ತಾನೇ ಹೊತ್ತು ಬಸ್ಸಿಗೇರಿಸಿದ, ಅಷ್ಟೆ.

ಆಮೇಲೆ ಶನಿವಾರದ ಮಧ್ಯಾಹ್ನಗಳು! ಮನೆತನದಲ್ಲೇ ಮೊದಲು ಕಾಲೇಜು ಕಂಡವರನ್ನೆಲ್ಲ ನಿಮ್ಮ ಕೋಣೆಗೆ ಕರೆದು ಕೂರಿಸುತ್ತಿದ್ದಿರಿ. ಮೂಡಲಗಿಯ ನೇಕಾರರ ಹುಡುಗ, ಹುಕ್ಕೇರಿಯ ಮರಾಠಿ ಮಾತಿನ ಹುಡುಗಿ, ಬುದ್ಧನ ದೀಕ್ಷೆ ತಗೊಂಡ ಮನೆಯವನೊಬ್ಬ. ಎಲ್ಲರೂ ನನ್ನ ಹಾಗೇ ತಿಳಿಯದ್ದಕ್ಕೂ ಗೋಣು ಹಾಕುತ್ತಿದ್ದವರೇ. “ತಿಳೀಲಿಲ್ಲ ಅನ್ನೂದನ್ನ ಮೊದಲ ಕಲೀರಿ, ಇಂಗ್ಲಿಷ್ ಆಮ್ಯಾಲ” ಎಂದು ಗದರುತ್ತಿದ್ದಿರಿ. ಯಾವ ವಿಷಯ ಬಿಡಬೇಕು, ಯಾವ ಮಾಸ್ತರರ ಬಾಗಿಲು ಬಡಿಯಬೇಕು, ಊರಿಂದ ಸುಗ್ಗಿಗೆ ಕರೆ ಬಂದರೆ ಏನು ಹೇಳಿ ಕಳಿಸಬೇಕು… ಅವರವರ ಭಾಷೆಯಲ್ಲೇ ಹೇಳುತ್ತಿದ್ದಿರಿ. ನಿಮ್ಮ ಮರಾಠಿ ಮಾತ್ರ, ಮಾಫ್ ಮಾಡಿರಿ, ದೇವರಿಗೇ ಪ್ರೀತಿ.

ನಾನು ಬಿ.ಎ. ಮುಗಿಸಿದಾಗ, ಎಂ.ಎ.ಗೆ ಹೋದಾಗ, ಸಿಕ್ಕಾಗಲೆಲ್ಲ ನಿಮ್ಮದು ಒಂದೇ ಪ್ರಶ್ನೆ: “ಅಪ್ಪ ಏನಂದ್ರು?” ಏನೂ ಅನ್ನಲಿಲ್ಲ ಸರ್, ಅನ್ನುತ್ತಿದ್ದೆ. ನೀವು ನಗುತ್ತಿದ್ದಿರಿ, ಆದರೆ ಮುಖ ಸಣ್ಣದಾಗುತ್ತಿತ್ತು. ಬಡವನೊಬ್ಬನ ಮಗನ ವರ್ಷ ಕೆಡಿಸಿದೆನೇನೋ ಎಂಬ ಆ ಕೊರಗನ್ನು ಹೊತ್ತೇ ಹೋಗಿಬಿಟ್ಟಿರಲ್ಲ… ಎಷ್ಟು ಸಲ ಅಪ್ಪನ ಮೇಲೆ ಸಿಟ್ಟು ಬಂತು ನನಗೆ! ಒಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮೊನ್ನೆ ರವಿವಾರ ಬಾಜೂ ಮನೆಯ ಮೀರಾಸಾಬ್ ಕಾಕಾ ಬಂದಿದ್ದ. ಅವನ ಮಗಳು ಜುಬೇದಾ ಮ್ಯಾಟ್ರಿಕ್ ಪಾಸಾಗಿದ್ದಾಳೆ. ನಮ್ಮ ಚಾಳಿನಿಂದ ಕಾಲೇಜಿಗೆ ಹೊರಟ ಮೊದಲ ಹುಡುಗಿ. “ಏನ ಕಲಿಸೂಣೋ ಈಕಿಗೆ? ಡಾಕ್ಟರಕಿನೋ, ಏನೋ?” ಎಂದು ಅಪ್ಪನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದ, “ನನ್ನ ಯಾಕ ಕೇಳ್ತಿ ಮೀರಾ? ಹುಡುಗಿನ್ನ ಕೇಳು. ನಾ ನನ್ನ ಮಗನ್ನ ಕೇಳಿದ್ದಿಲ್ಲ. ಆ ಸರ್ ಬಂದು ಕೇಳಿದ್ರು. ಅವರು ಕೇಳದಿದ್ರ ಇಂವ ಇವತ್ತ ನನ್ನ ಬಾಜೂಕ ನೂಲ ಸುತ್ತಿಕೋತ ನಿಂತಿರ್ತಿದ್ದ. ದೇವರಂಥಾ ಮನಷ್ಯಾರು. ನಾನ ಒಂದ ಮಾತ ಹೇಳಬೇಕಿತ್ತು ಅವರಿಗೆ…”

ನನಗಂತೂ ವರ್ಷಗಳಿಂದ ಹೊತ್ತ ಹೊರೆ ಇಳಿಸಿದ ಹಾಗಾಯಿತು.

ಇಷ್ಟು ಹೊತ್ತೂ ಬಾಗಿಲ ಮರೆಯಲ್ಲಿದ್ದ ಜುಬೇದಾ ತಾನೇ ಮುಂದೆ ಬಂದು, “ನನಗ ಲೆಕ್ಕ ಸೇರತೈತಿ ಕಾಕಾ” ಅಂದಳು. ಬರುವ ಜೂನಿನಿಂದ ನಾನೂ ನಮ್ಮ ಕಾಲೇಜಿನಲ್ಲೇ ಕಲಿಸುತ್ತೇನೆ, ಸರ್. ಶನಿವಾರಗಳಿಗೆ ಕೋಣೆಯೊಂದನ್ನು ಕೇಳಿ ಪಡೆದಿದ್ದೇನೆ. ಅಲ್ಲಿಗೇ ಸೇರುವ ಆ ಹುಡುಗಿಯನ್ನು ಒಂಟಿಯಾಗಿ ಬಿಡುವುದಿಲ್ಲ, ಇದು ನನ್ನ ಮಾತು.

ಇನ್ನು ನೀವು ನಿಶ್ಚಿಂತರಾಗಿರಿ. ಅಪ್ಪ ಹೂಂ ಅಂದಿದ್ದಾನೆ.

ನಿಮ್ಮ ಹುಡುಗ